ಎದುರಾಳಿಯ ಓಲೆಗರಿ

ಹಸ್ತಪ್ರತಿಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದಿದ್ದಳು. ನಿತ್ತೂರಿನಲ್ಲಿಯೂ ಕೊಪ್ಪಳದ ಗವಿಮಠದಲ್ಲಿಯೂ ಅಶೋಕನ ಶಾಸನಗಳನ್ನು ನೋಡಿಕೊಂಡು ಬಂದವಳು. "ಗುರುಗಳೇ, ಕಲ್ಲು ಇಷ್ಟೊಂದು ಉಳಿದಿದೆ. ನಮ್ಮ ನಾಡಿನ ಬೌದ್ಧರು ಓದಿದ ಗ್ರಂಥದ ಒಂದು ಗರಿಯನ್ನಾದರೂ ಎಲ್ಲಿ ನೋಡಲಿ?" ಎಂದು ಕೇಳಿದಳು. ತೋರಿಸಲು ನನ್ನಲ್ಲಿ ಒಂದೂ ಇರಲಿಲ್ಲ.

ಗ್ರಂಥಗಳು ಇದ್ದವೆಂಬುದರಲ್ಲಿ ಸಂಶಯವಿಲ್ಲ. ಬಳ್ಳಿಗಾವೆಯಲ್ಲಿ ರೂಪಭಟ್ಟಯ್ಯನು ಕಟ್ಟಿಸಿದ ಬೌದ್ಧ ವಿಹಾರವಿತ್ತು. ಡಂಬಳದಲ್ಲಿ ತಾರಾದೇವಿಯ ವಿಹಾರವಿದ್ದುದನ್ನು 1095ರ ಶಾಸನ ಹೇಳುತ್ತದೆ. ಅದೇ ಬಳ್ಳಿಗಾವೆಯ ಕೋಡಿಮಠದಲ್ಲಿ, ಕಾಳಾಮುಖ ಶೈವರ ಮಠದಲ್ಲಿ, ವ್ಯಾಖ್ಯಾನಗೊಳ್ಳುತ್ತಿದ್ದ ದರ್ಶನಗಳ ಸಾಲಿನಲ್ಲಿ 1162ರ ಶಾಸನವು ಬೌದ್ಧವನ್ನೂ ಸೇರಿಸಿದೆ. ಪುಸ್ತಕವಿಲ್ಲದೆ ವ್ಯಾಖ್ಯಾನ ನಡೆಯುವುದುಂಟೆ? ಆದರೆ ತಾಳೆಗರಿಗೆ ಕಲ್ಲಿನ ಆಯುಸ್ಸಿಲ್ಲ. ತೇವ, ನುಸಿ, ಗೆದ್ದಲುಗಳಿಂದ ಪಾರಾದರೂ ಕೆಲವು ಶತಮಾನಗಳಿಗೊಮ್ಮೆ ಯಾರಾದರೂ ಅದನ್ನು ಮತ್ತೆ ಪ್ರತಿಮಾಡಬೇಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳು. ಪ್ರತಿ ಮಾಡಿಸುವ ಕೈ ಇಲ್ಲವಾದ ಮೇಲೆ ವಿಹಾರದ ಕಟ್ಟುಗಳು ತಾವಾಗಿಯೇ ಪುಡಿಯಾಗುತ್ತವೆ. ಅದಕ್ಕೆ ಯಾರೂ ಬೆಂಕಿ ಹಚ್ಚಬೇಕಾಗಿಲ್ಲ.

ಹಾಗಾದರೆ ಉಳಿದುದು ಎಲ್ಲಿ? ಧರ್ಮಕೀರ್ತಿಯ ನ್ಯಾಯಬಿಂದುವನ್ನು ಧರ್ಮೋತ್ತರನ ಟೀಕೆಯೊಂದಿಗೆ ಪೀಟರ್ಸನ್ 1889ರಲ್ಲಿ ಕಲ್ಕತ್ತದಿಂದ ಪ್ರಕಟಿಸಿದರು. ಅದರ ತಾಳೆಗರಿ ದೊರೆತದ್ದು ಗುಜರಾತಿನ ಖಂಭಾತದ ಶಾಂತಿನಾಥ ಜಿನಾಲಯದಲ್ಲಿ. ಹೇತುಬಿಂದುವಿಗೆ ಅರ್ಚಟನು ಬರೆದ ಟೀಕೆ ಪಾಟಣದ ಜೈನ ಭಂಡಾರದಲ್ಲಿ ಸಿಕ್ಕಿ, ಪಂಡಿತ ಸುಖಲಾಲಜಿ ಮತ್ತು ಮುನಿ ಜಿನವಿಜಯಜಿಯವರ ಸಂಪಾದನೆಯಲ್ಲಿ 1949ರಲ್ಲಿ ಬರೋಡದಿಂದ ಹೊರಬಂದಿತು. ಖಂಡಿಸಬೇಕಾದವನ ಮಾತನ್ನು ಪೂರ್ತಿಯಾಗಿ ಓದಬೇಕೆಂಬ ಅಗತ್ಯವೇ ಆ ಗರಿಗಳನ್ನು ಕಾಯ್ದಿತೆಂದು ನನ್ನ ತಿಳಿವಳಿಕೆ. ಈ ಋಣದಲ್ಲಿ ನಾವೂ ಹೊರತಲ್ಲ. ಅಕಲಂಕರ ಸಿದ್ಧಿವಿನಿಶ್ಚಯದ ಮೂಲವನ್ನು ಅನಂತವೀರ್ಯರ ಟೀಕೆಯೊಳಗಿಂದ ಬಿಡಿಸಿ ತೆಗೆಯಬೇಕಾಯಿತು. ಮಹೇಂದ್ರಕುಮಾರ ಜೈನರ ಆ ಆವೃತ್ತಿ ಬಂದದ್ದು 1959ರಲ್ಲಿ.

ಅಕಲಂಕರ ಹೆಸರು ಬಂದಾಗ ನನ್ನದೇ ಒಂದು ಲೋಪವನ್ನು ಹೇಳಬೇಕು. ಅಕಲಂಕ-ನಿಕಳಂಕರ ಕಥೆಯನ್ನು ನಾನು ಬಹಳ ವರ್ಷ ಪಾಠದಲ್ಲಿ ಹೇಳುತ್ತ ಬಂದಿದ್ದೇನೆ: ಸಹೋದರರು ವೇಷ ಮರೆಸಿ ಬೌದ್ಧ ಮಠದಲ್ಲಿ ಓದಿದ್ದು, ಸಿಕ್ಕಿಬಿದ್ದು ಓಡಿದ್ದು, ತಮ್ಮನು ಪ್ರಾಣ ತೆತ್ತದ್ದು, ಹಿಮಶೀತಲನ ಸಭೆಯಲ್ಲಿ ಅಣ್ಣನು ಗೆದ್ದದ್ದು. ಹಿಮಶೀತಲನ ಸಭೆಯ ಪ್ರಸಂಗ ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಇದೆ. ಗೆಲುವನ್ನು ವರ್ಣಿಸುವಾಗ ನನ್ನ ಧ್ವನಿ ಏರುತ್ತಿತ್ತು. ಸೋತವನು ವಾಸ್ತವವಾಗಿ ಹೇಳಿದ್ದೇನೆಂದು ಮೂಲದಲ್ಲಿ ಓದಿರಲಿಲ್ಲ. ನಮ್ಮವರ ಪೂರ್ವಪಕ್ಷವೇ ಸಾಕೆಂದುಕೊಂಡಿದ್ದೆ.

ಅದೇ ಕಥೆಯಲ್ಲಿ ಒಂದು ಗರಿಯ ವಿಷಯವಿದೆ. ನಾನು ಅದನ್ನು ಅವಸರದಲ್ಲಿ ದಾಟಿಹೋಗುತ್ತಿದ್ದೆ. ಕಥಾಕೋಶಗಳು ಹೇಳುವಂತೆ, ಬೌದ್ಧ ಗುರು ಸಪ್ತಭಂಗಿಯನ್ನು ಖಂಡಿಸುವ ಭಾಗವನ್ನು ಪಾಠಮಾಡುತ್ತಿದ್ದಾಗ ಪಾಠ ಅಶುದ್ಧವಾಗಿ ಅರ್ಥವಾಗದೆ ಪುಸ್ತಕವನ್ನು ಅಲ್ಲಿಯೇ ಬಿಟ್ಟು ಎದ್ದುಹೋದನು. ಅಕಲಂಕರು ಅದನ್ನು ಗುಟ್ಟಾಗಿ ತಿದ್ದಿಟ್ಟರು. ತಿದ್ದಿದ ಅಕ್ಷರಗಳಿಂದಲೇ ಮಠದಲ್ಲಿ ಜೈನನೊಬ್ಬನು ಅಡಗಿದ್ದಾನೆಂದು ಗುರುವಿಗೆ ಗೊತ್ತಾಯಿತು. ಇತಿಹಾಸವೆಂದು ಇದನ್ನು ನಾನು ಮಂಡಿಸಲಾರೆ. ಆದರೂ ಕಥೆ ಕಟ್ಟಿದವನ ಕಲ್ಪನೆಯನ್ನು ನೋಡಿ: ತನ್ನ ಮತವನ್ನು ಖಂಡಿಸುವ ಪುಸ್ತಕದಲ್ಲಿ ತಪ್ಪು ಪಾಠ ಉಳಿಯಬಾರದೆಂದು ತಿದ್ದಲು ಹೋಗಿ ಅಕಲಂಕರು ಸಿಕ್ಕಿಬೀಳುತ್ತಾರೆ. ತಮ್ಮನ ಸಾವಿಗೂ ಮೊದಲ ಕಾರಣ ಆ ತಿದ್ದುಪಡಿಯೇ.

ಇದನ್ನು ಹೇಳಿದಾಗ ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಖಂಭಾತದ ಗರಿಯೇ ನಾನು ಕೇಳಿದ ಗರಿ" ಎಂದಳು. ಪೂರ್ತಿ ಒಪ್ಪಲಾಗಲಿಲ್ಲ. ಅದು ಕನ್ನಡ ನಾಡಿನ ಗರಿಯಲ್ಲ, ಬಳ್ಳಿಗಾವೆಯ ನಷ್ಟವನ್ನು ಅದು ತುಂಬಿಕೊಡುವುದಿಲ್ಲ ಎಂದೆ.

ಮರುವಾರ ಅವಳು ಮತ್ತೆ ಬಂದಾಗ ನ್ಯಾಯಬಿಂದುವಿನ ಮೊದಲ ಪರಿಚ್ಛೇದವನ್ನು ತೆರೆದು ಕುಳಿತೆವು. ಪ್ರತ್ಯಕ್ಷವು ಕಲ್ಪನೆಯಿಲ್ಲದ, ಭ್ರಾಂತಿಯಿಲ್ಲದ ಜ್ಞಾನವೆಂದು ಧರ್ಮಕೀರ್ತಿಯ ಲಕ್ಷಣ. ವಿಶದವಾದ ಜ್ಞಾನವೇ ಪ್ರತ್ಯಕ್ಷವೆಂದು ಅಕಲಂಕರ ಉತ್ತರ. ಉತ್ತರವನ್ನು ಹೇಳಲು ನಾನು ಬಾಯಿ ತೆರೆದಾಗ ಅವಳು ಕೈಯೆತ್ತಿ ತಡೆದಳು. "ಇವನದು ಮುಗಿಯಲಿ, ಗುರುಗಳೇ." ಆ ಸಂಜೆ ಧರ್ಮೋತ್ತರನ ಟೀಕೆಯನ್ನಷ್ಟೇ ಓದಿದೆವು.