ಹೆಂಡತಿಯೊಡನೆ ಬೆಂಗಳೂರಿಗೆ

ತಿಪಟೂರಿನವನು ಬೆಂಗಳೂರಿಗೆ ಹೋಗಬೇಕಾದರೆ ಒಂದು ಕಾರಣ ಬೇಕು. ಮದುವೆ, ಆಸ್ಪತ್ರೆ, ಕೋರ್ಟು, ಸತ್ತವರ ಹನ್ನೊಂದನೆಯ ದಿನ – ಇವು ನಾಲ್ಕು ಜನ ಒಪ್ಪುವ ಕಾರಣಗಳು. ನನ್ನಂಥ ಮೇಷ್ಟರಿಗೆ ಉತ್ತರಪತ್ರಿಕೆಗಳ ಮೌಲ್ಯಮಾಪನವೆಂಬ ಇನ್ನೊಂದು ಕಾರಣವೂ ಉಂಟು. “ಸುಮ್ಮನೆ ಹೋಗಿ ತಿಂದುಕೊಂಡು ಬರುತ್ತೇವೆ” ಎಂದರೆ ಕೇಳಿದವರು ಮುಖ ನೋಡುತ್ತಾರೆ. ಮೊನ್ನೆ ಶನಿವಾರ ಭಾನುವಾರ ನಾನೂ ನನ್ನ ಹೆಂಡತಿಯೂ ಹೋಗಿಬಂದದ್ದು ಮಾತ್ರ ಈ ಹೇಳಿಕೊಳ್ಳಲಾಗದ ಕಾರಣಕ್ಕೇ.

ಹಠ ನನ್ನದಲ್ಲ. ನಮ್ಮ ಮದುವೆಗೆ ಇಪ್ಪತ್ತು ವರ್ಷ ತುಂಬಿದ ದಿನ “ಏನು ಬೇಕೋ ಕೇಳು” ಎಂದು ನಾನು ಧಾರಾಳವಾಗಿ ಹೇಳಿಬಿಟ್ಟೆ. ಸೀರೆ ಎನ್ನುತ್ತಾಳೆ, ಗೌರಿಹಬ್ಬದವರೆಗೆ ತಳ್ಳಬಹುದು ಎಂಬುದು ನನ್ನ ಲೆಕ್ಕ. ಆಕೆ ಸೀರೆ ಎನ್ನಲಿಲ್ಲ. “ಎರಡು ದಿನ ನಾನು ಒಲೆ ಹಚ್ಚಬಾರದು. ನೆಂಟರ ಮನೆಗೂ ಹೋಗಬಾರದು. ಹೋದರೆ ಅಲ್ಲೂ ಅಡಿಗೆಮನೆಗೇ ನುಗ್ಗಬೇಕಾಗುತ್ತೆ. ಬೆಂಗಳೂರಲ್ಲಿ ನಾನು ಹೇಳಿದ ಕಡೆ ಕೂತು ತಿನ್ನಬೇಕು” ಎಂದಳು. ಪಟ್ಟಿ ಆಗಲೇ ಸಿದ್ಧವಾಗಿತ್ತು. ದಿನಸಿ ಚೀಟಿಯ ಹಿಂಭಾಗದಲ್ಲಿ ಬರೆದಿದ್ದ ಆ ಪಟ್ಟಿಯ ಕೊನೆಯ ಸಾಲನ್ನು ಮಾತ್ರ ಮಡಿಸಿ ಹಿಡಿದಿದ್ದಳು.

“ಅದೇನು?”

“ಅದು ಆಮೇಲೆ.”

ನಮ್ಮ ತಾಯಿಗೆ ಇದು ಸರಿಬೀಳಲಿಲ್ಲ. “ಊರು ತುಂಬ ನೆಂಟರಿಟ್ಟುಕೊಂಡು ಲಾಡ್ಜಲ್ಲಿ ಇಳೀತೀರಾ? ನಾಳೆ ಅವರು ಕೇಳಿದರೆ ನಾನೇನು ಹೇಳಲಿ?” ಎಂದರು. “ಏನೂ ಹೇಳಬೇಡಿ ಅತ್ತೆ” ಎಂದಳು ಇವಳು. ಅತ್ತೆ ಸೊಸೆಯರ ನಡುವೆ ಇಷ್ಟು ಚುಟುಕಾದ ಸಂಭಾಷಣೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬೆಳಗಿನ ರೈಲು ಹಿಡಿದೆವು. ಬಾಣಸಂದ್ರ, ಅಮ್ಮಸಂದ್ರ, ನಿಟ್ಟೂರು – ಕಿಟಕಿಯ ಎರಡೂ ಕಡೆ ತೆಂಗು. ನಮ್ಮ ಸೀಮೆಯವರಿಗೆ ತೆಂಗಿನ ತೋಟ ಒಂದು ನೋಟವೇ ಅಲ್ಲ. ಯಾವ ಮರದಲ್ಲಿ ಎಷ್ಟು ಗೊನೆ, ಯಾವ ಗರಿ ಕಂದಿದೆ ಎಂಬ ಲೆಕ್ಕ. ನಮ್ಮ ಕಾಯಿ ಎಳನೀರಾಗಿ ಪೇಟೆಗೆ ಓಡುವುದಕ್ಕಿಂತ ಕೊಬ್ಬರಿಯಾಗಿ ಹೋಗುವುದೇ ಹೆಚ್ಚು. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿದರೆ ಎಂಟು ತಿಂಗಳೋ, ಹತ್ತು ತಿಂಗಳೋ, ವರ್ಷವೋ ಅದು ಅಲ್ಲೇ ಕೂರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತೆಗೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುವುದು. ಒಂದು ವರ್ಷ ತಲೆಯ ಮೇಲೆ ಹೊತ್ತಿದ್ದಕ್ಕೆ ಒಂದು ದಿನದ ಹರಾಜು ಬೆಲೆ ಕಟ್ಟುತ್ತದೆ. ಈ ಮಾತನ್ನು ಇಲ್ಲಿ ಹೇಳಿದ್ದಕ್ಕೆ ಕಾರಣ ಮುಂದೆ ಬರುತ್ತದೆ.

ಯಶವಂತಪುರದಲ್ಲಿ ಇಳಿದವರು ನೇರವಾಗಿ ಮಲ್ಲೇಶ್ವರಕ್ಕೆ ಹೋದೆವು. ಏಳನೆಯ ಅಡ್ಡರಸ್ತೆಯ ಸಿ.ಟಿ.ಆರ್. ಪಟ್ಟಿಯ ಮೊದಲ ಸಾಲು. ಹೋಟೆಲಿನ ಹೆಸರು ಈಗ ಶ್ರೀ ಸಾಗರ್ ಎಂದಾಗಿದ್ದರೂ ಜನರ ಬಾಯಲ್ಲಿ ಹಳೆಯ ಮೂರು ಅಕ್ಷರಗಳೇ ಉಳಿದಿವೆ. ಹೊರಗೆ ಕಾದು ನಿಂತು, ಒಳಗೆ ಅಪರಿಚಿತರ ಜೊತೆ ಮೇಜು ಹಂಚಿಕೊಂಡು ಕೂತೆವು. ಬೆಣ್ಣೆ ಮಸಾಲೆ ಬಂತು. ಮಾಣಿ ಮೊದಲನೆಯ ತಟ್ಟೆಯನ್ನು ಇವಳ ಮುಂದಿಟ್ಟ. ಇವಳು ಅದನ್ನು ನನ್ನ ಕಡೆಗೆ ಸರಿಸಿದಳು. ಅವನು ಎರಡನೆಯದನ್ನು ನನ್ನ ಮುಂದಿಟ್ಟ. ನನ್ನ ಮುಂದೆ ಎರಡು ದೋಸೆ, ಇವಳ ಮುಂದೆ ಬರಿಯ ಮೇಜು! ಎದುರಿಗೆ ಕೂತಿದ್ದ ಹಿರಿಯರೊಬ್ಬರು ನಕ್ಕರು. ಇವಳಿಗೂ ನಗು ಬಂತು. “ಅಭ್ಯಾಸ” ಎಂದು ತಟ್ಟೆಯನ್ನು ವಾಪಸು ಎಳೆದುಕೊಂಡಳು.

ನಮ್ಮ ಮನೆಯಲ್ಲಿ ದೋಸೆಯ ದಿನ ಮೊದಲನೆಯದು ಮಗನಿಗೆ, ಆಮೇಲೆ ತಾಯಿಗೆ, ಆಮೇಲೆ ನನಗೆ. ಇವಳದು ಕಡೆಯದು, ಹಿಟ್ಟು ಬಳಿದು ಹುಯ್ದದ್ದು, ನಿಂತುಕೊಂಡೇ ತಿನ್ನುವುದು. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು, ನೋಡಿರಲಿಲ್ಲ. ಇವಳು ಕೂತುಕೊಂಡು, ಹೊಗೆಯಾಡುವ ದೋಸೆಯ ಅಂಚನ್ನು ಮುರಿದು, ಹಸಿರು ಚಟ್ನಿಯಲ್ಲಿ ಅದ್ದಿ, ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು ತೀರ್ಪು ಕೊಟ್ಟಳು: “ಹಸಿ ಕಾಯಿ. ಕೊಬ್ಬರಿ ಅಲ್ಲ.” ತೆಂಗಿನ ಸೀಮೆಯ ಹೆಂಗಸಿಗೆ ಹೋಟೆಲಿನ ಪರೀಕ್ಷೆ ಎಂದರೆ ಚಟ್ನಿಯ ಪರೀಕ್ಷೆ. ಹುರಿಗಡಲೆ ಸುರಿದು ಕಾಯಿ ಎಂದು ನಂಬಿಸುವವರ ಬಗ್ಗೆ ಇವಳಿಗಿರುವ ಸಿಟ್ಟು ಭ್ರಷ್ಟಾಚಾರದ ಬಗ್ಗೆ ಕೂಡ ಇಲ್ಲ.

ಮಧ್ಯಾಹ್ನ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ೧೯೨೪ರಲ್ಲಿ ಶುರುವಾದದ್ದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿನೋಡಿ ರವೆ ಇಡ್ಲಿ ಹುಟ್ಟಿಸಿದವರು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿ. ಅಲ್ಲಿ ಸಜ್ಜನ್‌ರಾವ್ ವೃತ್ತದ ಬಳಿಯ ವಿ.ಬಿ. ಬೇಕರಿಯಿಂದ ಖಾರದ ಕಾಂಗ್ರೆಸ್ ಕಡಲೆಕಾಯಿ ಕಟ್ಟಿಸಿಕೊಂಡೆವು. ಎಷ್ಟು ತಿಂದೆವೆಂಬುದನ್ನು ಬರೆಯಲು ಸಂಕೋಚವಾಗುತ್ತದೆ. ರಾತ್ರಿ ಲಾಡ್ಜಿನಲ್ಲಿ ಇವಳು ಒಂಬತ್ತಕ್ಕೇ ಮಲಗಿ ಬೆಳಿಗ್ಗೆ ಏಳಕ್ಕೆ ಎದ್ದಳು. ಹೆಪ್ಪು ಹಾಕುವುದಿಲ್ಲ, ಹಿಟ್ಟು ರುಬ್ಬುವುದಿಲ್ಲ, ಹಾಲಿನವನಿಲ್ಲ.

ಭಾನುವಾರ ಬೆಳಿಗ್ಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನ. ಇದು ನನ್ನ ಪಾಲಿನ ಸಾಲು. ೧೯೪೩ರಿಂದ ಅಲ್ಲೇ ಇರುವ ಈ ಹೋಟೆಲಿನಲ್ಲಿ ಮಾಣಿಗಳು ಮುಂಗೈಯಿಂದ ಭುಜದವರೆಗೆ ತಟ್ಟೆಗಳನ್ನು ಅಡುಕಿಕೊಂಡು ಬರುವ ಚಂದವೇ ಚಂದ. ಗೋಡೆಯ ಮೇಲೆ ಕನ್ನಡದ ದೊಡ್ಡವರ ರೇಖಾಚಿತ್ರಗಳು. ನಾನು ಮೇಷ್ಟರ ಚಾಳಿಯಂತೆ ಒಬ್ಬೊಬ್ಬರನ್ನೂ ತೋರಿಸಿ ಹೇಳತೊಡಗಿದೆ. ಇವಳು ದೋಸೆ ಮುಗಿಸಿ, ಕಾಫಿ ಮುಗಿಸಿ, ಪಟ್ಟಿಯ ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟಳು. ಕೊನೆಯ ಸಾಲು: “ಬಿಯರ್ ಮಾಡುವ ಕಡೆ.”

ನಾನು ಸುತ್ತಲೂ ನೋಡಿದೆ. ನಮ್ಮೂರಿನವರು ಯಾರಾದರೂ ಇದ್ದಾರೆಯೇ ಎಂದು!

“ತಮಾಷೆಯಾ?”

“ತಮಾಷೆ ಅಲ್ಲ. ಅಲ್ಲೇ ಕಾಯಿಸಿ ಅಲ್ಲೇ ಕೊಡ್ತಾರಂತೆ. ಫೋನಲ್ಲಿ ನೋಡಿದೀನಿ. ಮಾಡೋದನ್ನ ನೋಡಬೇಕು.”

ಓದುಗರು ನನ್ನ ಪಾಡನ್ನು ಊಹಿಸಿಕೊಳ್ಳಬೇಕು. ಪಂಪನ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದ ಪಾನಗೋಷ್ಠಿಯಿಂದ ಹಿಡಿದು ರಾಜರತ್ನಂ ಅವರ ‘ರತ್ನನ ಪದಗಳು’ವರೆಗೆ ಕನ್ನಡದ ಹೆಂಡವನ್ನೆಲ್ಲ ನಾನು ಪಾಠ ಮಾಡಿದ್ದೇನೆ. ನಾಲಿಗೆಗೆ ಒಂದು ಹನಿ ಸೋಕಿಸಿದವನಲ್ಲ. ಯೆಂಡ್ಕುಡ್ಕ ರತ್ನನನ್ನು ಸೃಷ್ಟಿಸಿದ ರಾಜರತ್ನಂ ಅವರೇ ಕುಡಿದವರಲ್ಲ, ಇನ್ನು ನಾನೇಕೆ ಎಂಬ ಸಮಾಧಾನವೂ ಇತ್ತು. ಆದರೂ ಮಾತು ಕೊಟ್ಟಾಗಿತ್ತು. ಧೈರ್ಯ ತಂದುಕೊಳ್ಳಲು ಸ್ವಲ್ಪ ಸುತ್ತುದಾರಿ ಹಿಡಿಸಿದೆ. ವಿಠಲ ಮಲ್ಯ ರಸ್ತೆಯಲ್ಲಿ ಹಾಯುವಾಗ, ಈಗ ಗಾಜಿನ ಗೋಪುರಗಳಿರುವ ಯು.ಬಿ. ಸಿಟಿಯ ಜಾಗದಲ್ಲೇ ಮುಂಚೆ ಬಿಯರ್ ಕಾರ್ಖಾನೆ ಇತ್ತೆಂದು ಹೇಳಿದೆ. ೧೯೧೫ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದಂಡಿನ ಬಿಳಿಯ ಸಿಪಾಯಿಗಳಿಗಾಗಿ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಯ ಮೇಲೆ ಸಾಗಿಸುತ್ತಿದ್ದರು. ೧೯೪೭ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಇವಳು “ಹೂಂ” ಎಂದಳು. ಮನಸ್ಸು ಬೇರೆ ಕಡೆ ಇದ್ದ ಹೂಂ.

ಇಂದಿರಾನಗರದಲ್ಲಿ ಇಳಿದೆವು. ಹೋಗಿದ್ದ ಜಾಗದ ಹೆಸರು ಬೇಡ. ಮೂರು ಅಂತಸ್ತು, ಗಾಜಿನ ಆಚೆ ಆಳೆತ್ತರದ ಹಂಡೆಗಳು. ಎಲ್ಲ ಮಗನ ವಯಸ್ಸಿಗಿಂತ ಸ್ವಲ್ಪ ದೊಡ್ಡವರು, ಗಂಡುಹೆಣ್ಣು ಎಂಬ ಭೇದವಿಲ್ಲದೆ ಕೂತಿದ್ದರು. ಸೀರೆ ಉಟ್ಟು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ಬಂದವಳು ಇವಳೊಬ್ಬಳೇ. ಒಬ್ಬ ಹುಡುಗ ಬಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ನಮ್ಮ ಉತ್ತರ ಕೇಳಿದ್ದೇ “ತಿಪಟೂರು ಕಡೆಯವರಾ ಸಾರ್? ನಾನು ತುರುವೇಕೆರೆ” ಎಂದ. ತೋಟಕ್ಕೆ ಕಪ್ಪುತಲೆ ಹುಳು ಬಿದ್ದು ಗರಿಯೆಲ್ಲ ಸುಟ್ಟಂತಾದ ಮೇಲೆ ಇಲ್ಲಿಗೆ ಬಂದವನಂತೆ. ಇವಳು “ಮಾಡೋದನ್ನ ತೋರಿಸ್ತೀಯೇನಪ್ಪಾ?” ಎಂದಾಗ ಅವನಿಗೆ ಆಶ್ಚರ್ಯವಾಗಿರಬೇಕು, ತೋರಿಸಿಕೊಳ್ಳಲಿಲ್ಲ. ಗಾಜಿನ ಬಳಿ ಕರೆದುಕೊಂಡು ಹೋದ.

“ಬಾರ್ಲಿನ ನೆನೆಸಿ ಮೊಳಕೆ ಬರಿಸ್ತಾರೆ ಅಕ್ಕ. ಮೊಳಕೇನ ಒಣಗಿಸಿ, ಹುರಿದು, ಒಡೆದು ತರಿ ಮಾಡ್ತಾರೆ. ಅದನ್ನ ಬಿಸಿ ನೀರಲ್ಲಿ ನೆನೆಸಿದರೆ ಸಿಹಿ ಬಿಡುತ್ತೆ.”

“ರಾಗಿ ಸರಿ” ಎಂದಳು ಇವಳು. “ಮಗೂಗೆ ಮಾಡ್ತೀವಲ್ಲ, ಹಂಗೇ.”

“ಹಂಗೇ ಅಕ್ಕ. ಆ ನೀರನ್ನ ಸೋಸಿ, ಹಾಪ್ಸ್ ಅಂತ ಒಂದು ಬಳ್ಳಿ ಹೂವು ಹಾಕಿ ಕುದಿಸ್ತಾರೆ. ಕಹಿ ಅದರದ್ದು. ಆರಿದ ಮೇಲೆ ಈಸ್ಟ್ ಹಾಕಿ ಬಿಟ್ಟರೆ ವಾರ, ಹದಿನೈದು ದಿನದಲ್ಲಿ ಹುಳಿತು ಬಿಯರ್ ಆಗುತ್ತೆ.”

ಆಮೇಲೆ ಅವನು ತಾನಾಗಿಯೇ ನೀರಾದ ಮಾತು ತೆಗೆದ. ಬಾರ್ಲಿ ಬೆಳೆಯುವುದು ರಾಜಸ್ಥಾನ, ಉತ್ತರಪ್ರದೇಶಗಳ ಕಡೆ. ನಮ್ಮ ತೆಂಗಿನ ಹೊಂಬಾಳೆ ಇಳಿಸಿದರೆ ಇಷ್ಟೆಲ್ಲ ಹಂಡೆ, ಬಳ್ಳಿ ಏನೂ ಬೇಡ. ಮುಂಜಾನೆ ಇಳಿಸಿದ್ದು ಸಿಹಿಯಾದ ನೀರಾ, ತಂಪಿನಲ್ಲಿ ಇಡದಿದ್ದರೆ ಸಂಜೆಗೆ ಹೆಂಡ. ಆ ನೀರಾ ಇಳಿಸುವ ಹಕ್ಕು ಕೇಳಿ ೨೦೦೧ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ರೈತರು ಪೊಲೀಸರ ಗುಂಡಿಗೆ ಸತ್ತರು. ಆಗ ತನ್ನ ತಂದೆಯೂ ಸಭೆಗಳಿಗೆ ಹೋಗುತ್ತಿದ್ದರೆಂದು ಹುಡುಗ ಹೇಳಿದ. ಹೇಳುತ್ತಲೇ ಮತ್ತೊಂದು ಮೇಜಿನ ಕರೆಗೆ ಓಡಿದ.

ಹಲಗೆಯ ಮೇಲೆ ಪುಟ್ಟ ಪುಟ್ಟ ಗ್ಲಾಸುಗಳು ಬಂದವು – ಗೋಧಿಯದೊಂದು, ಅಕ್ಕಿ ಸೇರಿದ್ದೊಂದು, ಕಾಫಿ ಬಣ್ಣದ್ದೊಂದು. ನೋಡುವುದಕ್ಕೆ ಬಂದವರು ತರಿಸಿದ್ದೇಕೆ ಎಂದು ಕೇಳುವ ಮೊದಲೇ ಇವಳು ಒಂದನ್ನು ಎತ್ತಿಕೊಂಡಳು.

“ಏನೇ ಇದು?”

“ಅಪ್ಪ ಯಾವ ರುಚಿಗೆ ಹಂಗಾದರೋ ನೋಡಬೇಕು.”

ನನ್ನ ಮಾವನವರು ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. “ಸ್ವಲ್ಪ ಕುಡೀತಿದ್ದರಂತೆ” ಎಂದು ಹೆಣ್ಣು ನೋಡುವಾಗ ಯಾರೋ ಹೇಳಿದ್ದರು. ಆ ಮಾತು ನನ್ನಲ್ಲಿ ಹಾಗೇ ಉಳಿದಿತ್ತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ತೀ.ನಂ.ಶ್ರೀಯವರ ತೀರ್ಥಪುರದ ಕಡೆಯ ಊರು ಅವರದು. ಅಲ್ಲಿಂದ ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿಗೆ ಬರುತ್ತಿದ್ದರು. ಹರಾಜಿನ ದಿನ ಸಂಜೆ ಇವಳೂ ಇವಳ ತಮ್ಮನೂ ಬಸ್ಸು ನಿಲ್ಲುವ ಕಡೆ ಕಾಯುತ್ತಿದ್ದರು. ವರ್ಷವೆಲ್ಲ ಅಟ್ಟದ ಮೇಲೆ ಕೂತಿದ್ದ ಕಾಯಿಯ ದುಡ್ಡು ಪ್ಯಾಕೆಟ್ ಸಾರಾಯಿಯಾಗಿ ಇಳಿಯುತ್ತಿತ್ತು. ಕೆಲವು ಸಲ ಅವರು ಇಳಿಯುತ್ತಲೇ ಇರಲಿಲ್ಲ. ಬಸ್ಸು ಬರಿದಾಗಿ ಹೋಗುತ್ತಿತ್ತು. ಸಾರಾಯಿಯನ್ನು ಸರ್ಕಾರ ನಿಷೇಧಿಸಿದ್ದು ೨೦೦೭ರ ಜುಲೈಯಲ್ಲಿ. ಅಷ್ಟು ಹೊತ್ತಿಗೆ ಅವರು ಇರಲಿಲ್ಲ. ಇದನ್ನೆಲ್ಲ ಇವಳು ಅಳದೆ, ದಿನಸಿಯ ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಇಪ್ಪತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ.

ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು. ಇನ್ನೊಂದು ಗ್ಲಾಸಿನಿಂದ ಇನ್ನೊಂದು ಗುಟುಕು.

“ಇಷ್ಟೇನಾ?” ಎಂದಳು.

ನಾನೂ ಕುಡಿದು ನೋಡಿದೆ. ಸಾರಾಯಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ ಎಂದು ಹೇಳಬಹುದಾಗಿತ್ತು, ಹೇಳಲಿಲ್ಲ. ಜ್ವರಕ್ಕೆ ಬಾರ್ಲಿ ಗಂಜಿಯನ್ನೂ ನೆಲಬೇವಿನ ಕಷಾಯವನ್ನೂ ಒಂದೇ ಲೋಟದಲ್ಲಿ ಕೊಟ್ಟಂತಿತ್ತು. ಪಕ್ಕದ ಮೇಜಿನವರು ಅದನ್ನೇ ಸಂತೋಷವಾಗಿ, ಜಗಳವಿಲ್ಲದೆ ಕುಡಿಯುತ್ತಿದ್ದರು. ಅವರ ಮೇಲೆ ನನಗೆ ಯಾವ ಆಕ್ಷೇಪವೂ ಬರಲಿಲ್ಲ, ಅವರಿಗಾಗಿ ಯಾರೂ ಬಸ್ಸು ಕಾಯುತ್ತಿಲ್ಲದಿದ್ದರೆ.

“ಕಾಲೇಜ್ ಡೇ ದಿನ ನೀವು ರತ್ನನ ಪದ ಓದಿದಿರಿ, ನೆನಪಿದೆಯಾ?” ಎಂದಳು ಇವಳು. “ತೂರಾಡಿಕೊಂಡು. ನಾನು ಮಧ್ಯದಲ್ಲೇ ಎದ್ದುಹೋದೆ.”

ನೆನಪಿತ್ತು. ಹುಡುಗರು ಶಿಳ್ಳೆ ಹಾಕಿದ್ದರು. ಇವಳು ಎದ್ದದ್ದು ಮಗುವಿಗೆ ಹಸಿವಾಗಿರಬೇಕೆಂದುಕೊಂಡಿದ್ದೆ. “ಹೇಳಬಾರದಾಗಿತ್ತೇ?” ಎಂದೆ.

“ಚೆನ್ನಾಗೇ ಓದ್ತಿದ್ದಿರಿ. ನಗೋ ಮಕ್ಕಳಿಗೆ ನಾನ್ಯಾಕೆ ಅಡ್ಡ ಬರಲಿ?”

ಪ್ರತಿವರ್ಷ ಆ ಪಾಠದ ದಿನ ನನ್ನ ತರಗತಿಗೆ ಬೇರೆ ವಿಭಾಗದ ಹುಡುಗರೂ ಬಂದು ಕೂರುತ್ತಾರೆ. ಕಾಲು ಸೊಟ್ಟ ಹಾಕುವುದು, ನಾಲಿಗೆ ತೊದಲಿಸುವುದು ನನಗೆ ಕರಗತ. ರತ್ನನ ಜೊತೆಗೆ ಆ ಪದಗಳಲ್ಲಿ ಪುಟ್ನಂಜಿ ಎಂಬವಳೊಬ್ಬಳು ಇದ್ದಾಳೆ, ಅವಳನ್ನು ಕವಿ ಮರೆತಿಲ್ಲ. ತೂರಾಟವನ್ನಷ್ಟೇ ಎತ್ತಿಕೊಂಡು ಅವಳನ್ನು ಬಿಟ್ಟುಬಂದವರು ನನ್ನಂಥ ಮೇಷ್ಟರುಗಳು. ಆ ತರಗತಿಗಳಲ್ಲಿ ಹರಾಜಿನ ದಿನ ಬಸ್ಸು ಕಾಯುವ ಹುಡುಗಿಯರು ಎಷ್ಟು ಮಂದಿ ಕೂತಿದ್ದರೋ, ನಾನು ನೋಡಲಿಲ್ಲ. ನಕ್ಕವರನ್ನಷ್ಟೇ ನೋಡುತ್ತಿದ್ದೆ.

ಗ್ಲಾಸುಗಳು ಹಾಗೇ ಉಳಿದವು. ಇವಳು ಪೊಟ್ಟಣ ಬಿಚ್ಚಿ ಕಡಲೆಕಾಯಿಯನ್ನು ನಿಧಾನವಾಗಿ ತಿಂದಳು. ಹೊರಗಿನ ತಿಂಡಿ ತರಬಾರದೆಂಬ ನಿಯಮ ಅಲ್ಲಿ ಇದ್ದಿರಬೇಕು. ತುರುವೇಕೆರೆಯ ಹುಡುಗ ನೋಡದವನಂತೆ ಹಾದುಹೋದ. ಬಿಲ್ಲಿನ ಮೊತ್ತ ನೋಡಿ ಇವಳು ಅದನ್ನು ಕೊಬ್ಬರಿಯ ಲೆಕ್ಕಕ್ಕೆ ಇಳಿಸಿ ಬೆಚ್ಚಿಬಿದ್ದಳು. ಹೊರಡುವಾಗ ಹುಡುಗನ ಕೈಗೆ ಉಳಿದ ಕಡಲೆಕಾಯಿಯನ್ನು ಕೊಟ್ಟು “ಹಬ್ಬಕ್ಕೆ ಊರಿಗೆ ಹೋಗಪ್ಪಾ” ಎಂದಳು.

ರಾತ್ರಿ ಮನೆ ಸೇರಿದಾಗ ತಾಯಿ ಎದ್ದೇ ಇದ್ದರು. ಏನೇನು ತಿಂದಿರಿ ಎಂದರು. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದಾಗಿ ಹೇಳಿದಳು: ಬೆಣ್ಣೆ ಮಸಾಲೆ, ರವೆ ಇಡ್ಲಿ, ಹೋಳಿಗೆ, ಕಡಲೆಕಾಯಿ. ನಾನು ಕಣ್ಣಿನಲ್ಲೇ ಸಾಕು ಎಂದೆ. “ಬಿಯರೂ ಕುಡಿದು ನೋಡಿದೆವು ಅತ್ತೆ” ಎಂದಳು.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಂಗಿತ್ತು?” ಎಂದರು.

“ಕಷಾಯದ ಥರ.”

“ಹಂಗಾದರೆ ಬಾಯಿ ಕಹಿಯಾಗಿರಬೇಕು. ಕೂತುಕೋ, ಮಜ್ಜಿಗೆ ತರ್ತೀನಿ” ಎಂದು ಅಡಿಗೆಮನೆಗೆ ಹೋದರು. ಹೋಗುತ್ತಾ, ಅಟ್ಟದ ಕಾಯಿ ಅಲುಗಾಡಿಸಿ ನೋಡಲು ಸುಲಿಯುವವನು ಬಂದಿದ್ದನೆಂದೂ ಬುಧವಾರ ಬಾ ಎಂದು ಹೇಳಿ ಕಳಿಸಿದ್ದೇನೆಂದೂ ನನಗೆ ಹೇಳಿದರು.