ವರ್ಣಮಾಲೆಯೂ ಏಳನೆಯ ನರವೂ

ರೋಮನ್ ಲಿಪಿಯಲ್ಲಿ 'ಎ' ಆದ ಬಳಿಕ 'ಬಿ' ಏಕೆ ಬಂತೆಂದು ಕೇಳಿದರೆ, ಹಿಂದಿನಿಂದ ಹಾಗೆ ನಡೆದು ಬಂದಿದೆ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯದು. ನಮ್ಮ ವರ್ಣಮಾಲೆಯಾದರೋ ಕಾರಣವನ್ನು ಕೈಯಲ್ಲಿ ಹಿಡಿದೇ ನಿಂತಿದೆ. ಕವರ್ಗವು ಕಂಠದಲ್ಲಿ, ಚವರ್ಗವು ತಾಲುವಿನಲ್ಲಿ, ಟವರ್ಗವು ಮೂರ್ಧದಲ್ಲಿ, ತವರ್ಗವು ದಂತದಲ್ಲಿ, ಪವರ್ಗವು ಓಷ್ಠದಲ್ಲಿ. ಹೀಗೆ ಒಳಮನೆಯಿಂದ ಹೊರಟು ಹೊಸ್ತಿಲಿಗೆ ಬರುವವನಂತೆ ಅಕ್ಷರಗಳು ನಡೆದು ಬರುತ್ತವೆ. ಪಾಠಶಾಲೆಯಲ್ಲಿ ಇದನ್ನು ಕಲಿತ ನಾನು ಮುಂದೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಂಗಳೂರಿನ ಮಕ್ಕಳಿಗೆ ಕಲಿಸಿದೆನು. ಸ್ಥಾನವಾವುದು, ಪ್ರಯತ್ನವಾವುದು ಎಂಬಿವೆರಡನ್ನು ಹೇಳಿದರೆ ಅಕ್ಷರದ ವಿಷಯ ಮುಗಿಯಿತೆಂಬುದು ಶಿಕ್ಷಾಶಾಸ್ತ್ರದ ಮತ. ಆ ಸ್ಥಾನಕ್ಕೆ ಅಪ್ಪಣೆಯನ್ನು ಒಯ್ಯುವ ತಂತು ಯಾವುದು ಎಂಬ ಪ್ರಶ್ನೆಯನ್ನು ಶಿಕ್ಷೆ ಎತ್ತಿಲ್ಲ. ಎರಡು ವರ್ಷಗಳ ಹಿಂದೆ ಆಟಿ ತಿಂಗಳ ಒಂದು ಬೆಳಗ್ಗೆ ಪವರ್ಗವು ನನ್ನನ್ನು ಬಿಟ್ಟುಹೋಗದಿದ್ದರೆ ನಾನೂ ಎತ್ತುತ್ತಿರಲಿಲ್ಲ.

ಬಾಯಿ ಮುಕ್ಕಳಿಸಿದ ನೀರು ಬಲಗಡೆಯ ಕಟವಾಯಿಂದ ಸೋರಿತು. ಕನ್ನಡಿಯಲ್ಲಿ ನೋಡಿದರೆ ಬಲಗೆನ್ನೆ ಇಳಿಬಿದ್ದಿತ್ತು. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಕಾಫಿ ತಂದ ಮೊಮ್ಮಗಳು, "ಅಜ್ಜ, ನೀವು ಒಂದೇ ಬದಿಯಲ್ಲಿ ಯಾಕೆ ನಗುವುದು?" ಎಂದಳು. ಉತ್ತರ ಕೊಡುವ ಬದಲು ನಾನು ಕವರ್ಗದಿಂದ ತೊಡಗಿ ಹೇಳಿನೋಡಿದೆನು. ನಾಲ್ಕು ವರ್ಗಗಳು ಸ್ವಚ್ಛವಾಗಿ ಬಂದವು. ಐದನೆಯದಕ್ಕೆ ಬರುವಾಗ ತುಟಿಯ ಬಲಭಾಗದಿಂದ ಗಾಳಿ ಹೊರಕ್ಕೆ ಹೋಗಿ 'ಪ' ಎಂಬುದು ಊದುಬತ್ತಿಯನ್ನು ಆರಿಸುವ ಸದ್ದಾಯಿತು. ಉಕಾರ ಓಕಾರಗಳೂ ಸೊಟ್ಟಗಾದವು. ವರ್ಣಮಾಲೆಯ ಒಂದು ಸಾಲನ್ನೇ ಯಾರೋ ಕತ್ತರಿಸಿ ಒಯ್ದಂತಿತ್ತು.

ಮನೆಯವರು ಪಕ್ಷವಾತವೆಂದು ಭಾವಿಸಿ ಅಳುತ್ತಲೇ ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ನನ್ನ ಮನಸ್ಸಿನಲ್ಲಿದ್ದುದೂ ಅದೇ. ತರುಣ ವೈದ್ಯರು ಹೆಚ್ಚೇನನ್ನೂ ಕೇಳದೆ, "ಹುಬ್ಬು ಮೇಲಕ್ಕೆತ್ತಿ, ಮಾಸ್ಟ್ರೇ" ಎಂದರು. ಎಡಹುಬ್ಬು ಏರಿತು, ಬಲದ್ದು ಏಳಲಿಲ್ಲ. ವೈದ್ಯರ ಮುಖ ಅರಳಿತು! ಇದೆಂಥ ನಿರ್ದಯರೆಂದು ಒಂದು ಕ್ಷಣ ಅನಿಸಿದ್ದು ಸಹಜ. ಅವರು ವಿವರಿಸಿದ ಮೇಲೆ ತಿಳಿಯಿತು: ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡು ಪಾರ್ಶ್ವಗಳಿಂದಲೂ ಅಪ್ಪಣೆ ಬರುತ್ತದೆ. ಆದುದರಿಂದ ಪಕ್ಷವಾತದಲ್ಲಿ ಬಾಯಿ ಸೊಟ್ಟಗಾದರೂ ಹುಬ್ಬು ಸಾಮಾನ್ಯವಾಗಿ ಏಳುತ್ತದೆ. ಹುಬ್ಬು ಸಹ ಬಿದ್ದಿದ್ದರೆ ಕೇಡು ಮಿದುಳಿನಿಂದ ಹೊರಟ ನರದಲ್ಲಿ ಎಂದು ಊಹಿಸಬಹುದು. ನನ್ನದು ಏಳನೆಯ ಕಪಾಲನರದ, ಎಂದರೆ ಮುಖನರದ, ಜಾಡ್ಯ. 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಮುಖದ ನರಗಳ ವಿಷಯವನ್ನು ನಿರೂಪಿಸಿದ ಚಾರ್ಲ್ಸ್ ಬೆಲ್ ಎಂಬ ಶಸ್ತ್ರವೈದ್ಯನ ಹೆಸರು ಇದಕ್ಕೆ ನಿಂತಿದೆ. ನಮ್ಮ ಆಯುರ್ವೇದವು ಇಂತಹ ವಿಕಾರವನ್ನು 'ಅರ್ದಿತ'ವೆಂಬ ವಾತರೋಗದಲ್ಲಿ ಬಹು ಹಿಂದೆಯೇ ವರ್ಣಿಸಿದೆ. ಚಿಕಿತ್ಸೆಯಿಲ್ಲದೆಯೂ 100ರಲ್ಲಿ 70 ಮಂದಿ ಪೂರ್ತಿ ಗುಣವಾಗುವರಂತೆ; ಮೊದಲ 3 ದಿನಗಳೊಳಗೆ ಸ್ಟೀರಾಯ್ಡ್ ಮಾತ್ರೆ ತೊಡಗಿದರೆ ಆ ಸಂಖ್ಯೆ ಇನ್ನೂ ಏರುವುದಂತೆ. ನನಗೆ ಆ ದಿನವೇ ತೊಡಗಿದರು. ಉಳಿದ 30ರಲ್ಲಿ ನಾನು ಸೇರುವೆನೋ ಎಂಬ ಲೆಕ್ಕ ಮಾತ್ರ ರಾತ್ರಿ ನಿದ್ರೆಗೆಡಿಸುತ್ತಿತ್ತು.

ತುಟಿಗಿಂತ ಹೆಚ್ಚು ಜೋಪಾನ ಮಾಡಬೇಕಾದದ್ದು ಕಣ್ಣನ್ನು. ರೆಪ್ಪೆಯನ್ನು ಎತ್ತುವ ನರ ಮೂರನೆಯದು, ಮುಚ್ಚುವ ನರ ಏಳನೆಯದು. ಉನ್ಮೇಷ ನಿಮೇಷಗಳೆಂದು ನಾವು ಜೋಡುಪದವಾಗಿ ಹೇಳುವ ಈ ಎರಡು ವ್ಯಾಪಾರಗಳಿಗೆ ಒಡೆಯರು ಬೇರೆ ಬೇರೆ ಎಂಬುದನ್ನು ನಾನು ಎಣಿಸಿಯೇ ಇರಲಿಲ್ಲ. ನೋಟವನ್ನು ಒಯ್ಯುವುದು ಎರಡನೆಯ ನರ. ಕಣ್ಣಗುಡ್ಡೆಯನ್ನು ಹೊರಳಿಸುವವು ಮೂರು, ನಾಲ್ಕು, ಆರನೆಯವು. ಒಂದು ಧೂಳಿನ ಕಣ ಬಿದ್ದರೂ ನೋವನ್ನು ತಿಳಿಸುವುದು ಐದನೆಯದು. ಅಂತೂ 12 ಜೊತೆ ಕಪಾಲನರಗಳಲ್ಲಿ 6 ಜೊತೆಗಳು ಕಣ್ಣಿನ ಊಳಿಗದಲ್ಲಿವೆ. ನನ್ನ ಬಲಗಣ್ಣು ತೆರೆಯುತ್ತಿತ್ತು, ಮುಚ್ಚುತ್ತಿರಲಿಲ್ಲ. ಮುಚ್ಚಲೆತ್ನಿಸಿದರೆ ಗುಡ್ಡೆ ಮೇಲಕ್ಕೆ ಹೊರಳಿ ಬಿಳುಪು ಮಾತ್ರ ಕಾಣುತ್ತಿತ್ತು. ಮೊಮ್ಮಗಳು ಹೆದರಿ ಓಡಿದಳು. ಮುಚ್ಚದ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಒಣಗಿ ಹುಣ್ಣಾದರೆ ದೃಷ್ಟಿಗೇ ಕೇಡು. ಆದುದರಿಂದ ಹಗಲು ಗಂಟೆಗೊಮ್ಮೆ ಹನಿ ಔಷಧ, ರಾತ್ರಿ ಮುಲಾಮು ಸವರಿ ರೆಪ್ಪೆಗೆ ಪಟ್ಟಿ. ದೇವತೆಗಳು ಅನಿಮಿಷರೆಂದು ಅಮರಕೋಶದಲ್ಲಿ ಬಾಯಿಪಾಠ ಮಾಡಿದ್ದೆನಷ್ಟೆ. ಅರ್ಧಾಂಶದಲ್ಲಿ ಅನಿಮಿಷನಾಗಿ ನೋಡಿದ ನನಗೆ ಆ ಪದವಿಯಲ್ಲಿ ಸುಖವೇನೂ ಕಾಣಲಿಲ್ಲ.

ಇನ್ನೆರಡು ವಿಚಿತ್ರಗಳನ್ನು ಹೇಳಬೇಕು. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಬಲಗಿವಿಯಲ್ಲಿ ಜಾಗಟೆ ಬಾರಿಸಿದಂತಾಗುತ್ತಿತ್ತು. ಹಾಗೆಯೇ ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ತೊಗಟೆಯ ಕಷಾಯವನ್ನು ಕುಡಿದಾಗ, ಅದರ ಕಹಿ ನಾಲಗೆಯ ಎಡಗಡೆಗೆ ಕೂಡಲೆ ತಿಳಿಯಿತು. ಬಲಗಡೆಯ ಮುಂಭಾಗಕ್ಕೆ ಏನೂ ತಿಳಿಯಲಿಲ್ಲ. ನಾಲಗೆಯ ಬುಡದ ರುಚಿ ಒಂಬತ್ತನೆಯ ನರದ್ದಾದ ಕಾರಣ, ನುಂಗುವಾಗ ಅಲ್ಲಿ ಮಾತ್ರ ಬಲಗಡೆಯೂ ಎಚ್ಚತ್ತಿತು. ಮುಖದ ನರ ಕೆಟ್ಟರೆ ಕಿವಿಗೂ ನಾಲಗೆಗೂ ಏನು ಸಂಬಂಧ?

ಉತ್ತರ ದೊರೆತದ್ದು ಒಂದು ಎಲುಬಿನಲ್ಲಿ. 1950ರ ದಶಕದಲ್ಲಿ ಮಣಿಪಾಲದಲ್ಲಿಯೂ ಮಂಗಳೂರಿನಲ್ಲಿಯೂ ಕಸ್ತೂರ್ಬಾ ವೈದ್ಯಕೀಯ ಕಾಲೇಜು ನೆಲೆಗೊಂಡಂದಿನಿಂದ ನಮ್ಮ ಜಿಲ್ಲೆಯಲ್ಲಿ ಅಂಗರಚನೆಯನ್ನು ಓದಿದವರಿಗೆ ಬರವಿಲ್ಲ. ನನ್ನ ಹಳೆಯ ಶಿಷ್ಯನೊಬ್ಬನು ಆ ಶಾಸ್ತ್ರವನ್ನೇ ಬೋಧಿಸುವವನು. ಅವನು ಕಪೋಲದ ಮೇಲಣ ಎಲುಬೊಂದನ್ನು, ಕಿವಿಯ ಯಂತ್ರವನ್ನೆಲ್ಲ ಒಳಗಿಟ್ಟುಕೊಂಡ ಶಂಖಾಸ್ಥಿಯನ್ನು, ನನ್ನ ಅಂಗೈಯಲ್ಲಿ ಇಟ್ಟನು. ಅದರ ಒಳಭಾಗವು ಕಲ್ಲಿನಷ್ಟು ಗಟ್ಟಿ. ಏಳನೆಯ ನರವೂ ಶ್ರವಣದ ಎಂಟನೆಯ ನರವೂ ಒಂದೇ ರಂಧ್ರದಿಂದ ಅದನ್ನು ಹೊಕ್ಕು, ಬಳಿಕ ಅಗಲುತ್ತವೆ. ಏಳನೆಯದು ಸುಮಾರು 3 ಸೆಂಟಿಮೀಟರ್ ಉದ್ದದ ಇಕ್ಕಟ್ಟಾದ ಸುರಂಗದಲ್ಲಿ ಎರಡು ಸಲ ಬಾಗಿ, ಮಧ್ಯಕರ್ಣದ ಗೋಡೆಯನ್ನು ಸವರಿ, ಕಿವಿಯ ಹಿಂಬದಿ ಕೆಳಗೆ ಹೊರಬರುತ್ತದೆ. ದಾರಿಯಲ್ಲಿ ಅದು ದಾನ ಮಾಡುತ್ತ ಹೋಗುವುದು. ಕುದುರೆಯ ರಿಕಾಪಿನ ಆಕಾರದ, 3 ಮಿಲಿಮೀಟರಿನಷ್ಟು ಉದ್ದದ ಎಲುಬೊಂದು ಅಲ್ಲಿದೆ. ಸದ್ದು ಜೋರಾದಾಗ ಅದನ್ನು ಬಿಗಿಹಿಡಿಯುವ ಪುಟ್ಟ ಸ್ನಾಯುವಿಗೆ ಒಂದು ಕವಲು. ಅದು ಸೋತುದರಿಂದಲೇ ತಟ್ಟೆ ಜಾಗಟೆಯಾದದ್ದು. ಇನ್ನೊಂದು ಕವಲು ಕಿವಿಯ ತಮಟೆಯ ಬೆನ್ನಿನಿಂದ ಎರಡು ಎಲುಬುಗಳ ನಡುವೆ ನುಸುಳಿ ನಾಲಗೆಗೆ ಇಳಿಯುತ್ತದೆ. ನಾವು ತಿಂದ ಪಾಯಸದ ಸವಿಯ ವರದಿ ಮಿದುಳಿಗೆ ಹೋಗುವುದು ಕಿವಿಯ ಒಳಗಿನಿಂದ! ಅಂತಹ ಸುರಂಗದಲ್ಲಿ ನರವು ಊದಿಕೊಂಡರೆ ಹಿಗ್ಗಲು ಎಡೆಯೆಲ್ಲಿ? ತನ್ನ ಮನೆಯಲ್ಲಿ ತಾನೇ ನಸುಕಿಹೋಗುವುದು.

"ನಮ್ಮ ಸುಶ್ರುತ ಇದನ್ನು ಬಲ್ಲನೇ, ಮಾಸ್ಟ್ರೇ?" ಎಂದು ಶಿಷ್ಯನು ಕೇಳಿದನು. ಇದ್ದುದನ್ನು ಇದ್ದಂತೆ ಹೇಳಬೇಕು. ಕಿವಿಯ ಹಿಂದೆ ಕೆಳಗಡೆ 'ವಿಧುರ'ವೆಂಬ ಮರ್ಮವಿದೆ, ಅಲ್ಲಿ ಪೆಟ್ಟಾದರೆ ಕಿವುಡು ಬರುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಶವವನ್ನು ಹುಲ್ಲಿನಲ್ಲಿ ಸುತ್ತಿ ಹರಿಯುವ ನೀರಿನಲ್ಲಿ 7 ರಾತ್ರಿ ಇಟ್ಟು, ಲಾವಂಚ ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜಿ, ಚರ್ಮದಿಂದ ತೊಡಗಿ ಒಂದೊಂದನ್ನು ಕಣ್ಣಾರೆ ನೋಡಬೇಕೆಂಬ ವಿಧಿಯೂ ಅಲ್ಲಿದೆ. ಆದರೆ ಹಾಗೆ ಕೊಳೆಯಿಸಿದ ಶರೀರದಲ್ಲಿ ಎಲುಬು ಕಂಡೀತು, ನೂಲಿಗಿಂತ ನವುರಾದ ನರದ ಕವಲು ಕಾಣುವುದು ಹೇಗೆ? ಕಣ್ಣಾರೆ ಕಾಣಬೇಕೆಂದು ಹೇಳಿದವನಿಗೆ, ಕಾಣದುದನ್ನು ಕಂಡನೆಂದು ನಾವು ಹೊಗಳಿಕೆ ಸಲ್ಲಿಸುವುದು ಮರ್ಯಾದೆಯಲ್ಲ. 1836ರಲ್ಲಿ ಕಲ್ಕತ್ತೆಯಲ್ಲಿ ಸಮಾಜದ ವಿರೋಧವನ್ನು ಲೆಕ್ಕಿಸದೆ ಶವಚ್ಛೇದ ಮಾಡಿದ ಮಧುಸೂದನ ಗುಪ್ತರು ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಹೇಳುತ್ತಿದ್ದ ಪಂಡಿತರೇ. ಸುಶ್ರುತನ ನಿಜವಾದ ಶಿಷ್ಯರೆಂದು ನಾನು ಅವರನ್ನು ಎಣಿಸುತ್ತೇನೆ.

ಆ ಎಲುಬನ್ನು ಕಂಡ ಬಳಿಕ ನಾನು ಮನೆಯಲ್ಲಿ ಸ್ಲೇಟು ಹಿಡಿದು ಕೂತೆನು; ಬೇರೆ ಕೆಲಸವೂ ಇರಲಿಲ್ಲ. ಸಂಜೆ ಜಗಲಿಯಲ್ಲಿ ಅಮರಕೋಶ ಹೇಳಿಸಿಕೊಳ್ಳಲು ಬರುವ ಮಕ್ಕಳನ್ನು, ಬಾಯಿ ಸರಿಯಾಗುವ ತನಕ ಬರಬೇಡಿರೆಂದು ಕಳುಹಿಬಿಟ್ಟಿದ್ದೆ. ಐದು ವರ್ಗಗಳ ಚೌಕವನ್ನು ಬರೆದೆನು. ಅಡ್ಡಸಾಲುಗಳಲ್ಲಿ ಮೊದಲಿನ ನಾಲ್ಕೂ ನಾಲಗೆಯ ಕೆಲಸ. ನಾಲಗೆಗೆ ಹನ್ನೆರಡನೆಯ ನರ. ಐದನೆಯ ಸಾಲು ತುಟಿಯದು. ಅದಕ್ಕೆ ಏಳನೆಯ ನರ. ಉದ್ದಸಾಲುಗಳನ್ನು ನೋಡಿದರೆ, 'ಕ'ಕಾರವು 'ಗ'ಕಾರವಾಗುವುದು ಗಂಟಲಿನ ತಂತುಗಳ ಕಂಪನದಿಂದ. 'ಙ' 'ಮ'ಗಳಲ್ಲಿ ಉಸಿರು ಮೂಗಿಗೆ ಏರುವುದು ಮೆದುದವಡೆ, ಎಂದರೆ ಅಂಗುಳಿನ ಹಿಂಭಾಗ, ಇಳಿಯುವುದರಿಂದ. ಈ ಎರಡನ್ನೂ ಹೆಚ್ಚಾಗಿ ಆಳುವುದು ಎದೆಹೊಟ್ಟೆಗಳವರೆಗೆ ಅಲೆಯುವ ಹತ್ತನೆಯ ನರ. ಸ್ಥಾನದ ಸಾಲುಗಳಿಗೆ ಹನ್ನೆರಡು ಮತ್ತು ಏಳು, ಘೋಷ ಅನುನಾಸಿಕಗಳ ಸಾಲುಗಳಿಗೆ ಹತ್ತು! ನರವನ್ನು ಕಾಣದೆ, ಬರಿಯ ಕಿವಿಯಿಂದಲೂ ನಾಲಗೆಯಿಂದಲೂ ಪರೀಕ್ಷಿಸಿ ಪೂರ್ವಿಕರು ಎಳೆದ ಗೆರೆಗಳು ಇವು. ಕಪಾಲನರಗಳು 12 ಜೊತೆಯೆಂಬ ಎಣಿಕೆಯನ್ನು ಜರ್ಮನಿಯ ಸೋಮರಿಂಗ್ ಎಂಬವನು ಕೊಟ್ಟದ್ದು 1778ರಲ್ಲಿ.

ನನ್ನ ತುಟಿಗೆ ಜೀವ ಬರಲು ದೀಪಾವಳಿ ಕಳೆಯಬೇಕಾಯಿತು. ನಶಿಸಿದ ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುವುದಂತೆ. ಕಿವಿಯಿಂದ ತುಟಿಗೆ ಗೇಣು ದೂರವೂ ಇಲ್ಲ, ಆದರೂ ಕಾಲ್ನಡೆಯ ಯಾತ್ರಿಕನಂತೆ ಅದಕ್ಕೆ ತಿಂಗಳುಗಳು ಬೇಕು. ಮೊದಲು ಮರಳಿದ್ದು ಮಕಾರ. ಉಸಿರು ಮೂಗಿನಿಂದ ಹೋಗುವ ಕಾರಣ ತುಟಿ ಗಾಳಿಯನ್ನು ತಡೆಹಿಡಿಯಬೇಕಾಗಿಲ್ಲ. ಬಳಿಕ ಬಕಾರ, ಪಕಾರ. ಎಲ್ಲಕ್ಕೂ ಕೊನೆಗೆ ಮಹಾಪ್ರಾಣಗಳು. ಕಣ್ಣು ಉಳಿಯಿತು. ಆದರೆ ಹೊಸತಾಗಿ ಬೆಳೆದ ತಂತುಗಳಲ್ಲಿ ಕೆಲವು ಹಾದಿ ತಪ್ಪಿವೆ. ತುಟಿಗೆ ಹೋಗಬೇಕಾದವು ರೆಪ್ಪೆಗೆ ಹೋಗಿ ಸೇರಿವೆ. ಇದರ ಫಲವಾಗಿ ನಾನು ಪವರ್ಗವನ್ನು ಹೇಳುವಾಗೆಲ್ಲ ಬಲಗಣ್ಣು ತಾನಾಗಿ ಅರೆ ಮುಚ್ಚುತ್ತದೆ. ಇದು ಇನ್ನು ಹೋಗಲಾರದೆಂದು ವೈದ್ಯರು ಹೇಳಿದ್ದಾರೆ.

ಮಕ್ಕಳು ಮತ್ತೆ ಬರುತ್ತಿದ್ದಾರೆ. ಹೊಸತಾಗಿ ಸೇರಿದ ನಾಲ್ಕೈದು ಚಿಕ್ಕವರು ನನ್ನ ಮುಂಚಿನ ಮುಖವನ್ನು ಕಂಡವರಲ್ಲ. ಅವರು 'ಪ ಫ ಬ ಭ ಮ' ಎನ್ನುವಾಗ ಒಂದೊಂದು ಅಕ್ಷರಕ್ಕೂ ಬಲಗಣ್ಣನ್ನು ಶ್ರದ್ಧೆಯಿಂದ ಮಿಟುಕಿಸುತ್ತಾರೆ. ಪಾಣಿನೀಯ ಶಿಕ್ಷೆಯು ಅಧಮ ಪಾಠಕರು ಆರು ಮಂದಿಯೆಂದು ಎಣಿಸಿ, ತಲೆಯಲ್ಲಾಡಿಸುವವನನ್ನು ಅವರಲ್ಲಿ ಸೇರಿಸಿದೆ. ಕಣ್ಣು ಮಿಟುಕಿಸುವವನ ಹೆಸರು ಆ ಪಟ್ಟಿಯಲ್ಲಿಲ್ಲ. ಆದುದರಿಂದ ನಾನು ಅವರನ್ನು ಇದುವರೆಗೆ ತಡೆದಿಲ್ಲ.