ಕತ್ತಲೆ ಮಾಡುವ ಕೆಲಸ

ನಮ್ಮ ತಮ್ಮನ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ನಮಗೆ ಬಲು ಕಷ್ಟ. ನಮ್ಮದಾದರೆ ಸುಲಭ. ಬಿ.ಎ. ಪಾಸು, ಸರಕಾರಿ ಕಛೇರಿಯಲ್ಲಿ ಗುಮಾಸ್ತೆ. ಅಷ್ಟಕ್ಕೇ ಕೇಳಿದವರು ತೃಪ್ತರಾಗಿ ಮಾತನ್ನು ಮಳೆಬೆಳೆಯ ಕಡೆಗೆ ತಿರುಗಿಸುತ್ತಾರೆ. ತಮ್ಮ ಮಾಡುವುದಾದರೋ ಕತ್ತಲೆಯನ್ನು! ಗಣಕಯಂತ್ರದಲ್ಲಿ ತಯಾರಾಗುವ ಗೊಂಬೆಚಿತ್ರಗಳಲ್ಲಿ ರಾತ್ರಿಯ ದೃಶ್ಯಗಳಿಗೆ ಬೆಳಕು ಹೊಂದಿಸುವುದು ಅವನ ಕೆಲಸ. ಕಾಚಿಗೂಡದ ಮನೆಯಿಂದ ಮಧ್ಯಾಹ್ನ ಹೊರಟು, ಮಾದಾಪುರದ ಸ್ಟುಡಿಯೋದಿಂದ ನಡುರಾತ್ರಿ ಕಳೆದು ಬರುವ ಹುಡುಗನಿಗೆ ಹೆಣ್ಣು ಕೊಡುವವರಾರೆಂಬುದು ನಮ್ಮ ತಾಯಿಯವರ ಚಿಂತೆ.

ಚಿಂತೆ ಕಾರಣವಿಲ್ಲದ್ದೇನೂ ಅಲ್ಲ. 2012ರ 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಸೃಷ್ಟಿಸಿದ ಅಮೆರಿಕದ ರಿದಮ್ ಅಂಡ್ ಹ್ಯೂಸ್ ಕಂಪನಿಗೆ ನಮ್ಮ ಹೈದರಾಬಾದಿನಲ್ಲೂ ಶಾಖೆಯಿತ್ತು. 2013ರ ಫೆಬ್ರವರಿಯಲ್ಲಿ ಆ ಚಿತ್ರದ ದೃಶ್ಯಚಮತ್ಕಾರಕ್ಕೆ ಆಸ್ಕರ್ ಬಂದಿತು. ಅದೇ ತಿಂಗಳು ಕಂಪನಿ ದಿವಾಳಿ ಅರ್ಜಿ ಹಾಕಿತು. ತಮ್ಮನ ಹಿಂದಿನ ಸ್ಟುಡಿಯೋ (ಹೆಸರು ಬೇಡ) ಪ್ರಶಸ್ತಿಯ ಗೋಜಿಗೇ ಹೋಗದೆ ಎರಡು ತಿಂಗಳ ಸಂಬಳ ಉಳಿಸಿಕೊಂಡು ಬಾಗಿಲು ಹಾಕಿತು. ಈಗಿನ ಕೆಲಸವೂ ಕರಾರಿನದು, ಸೆಪ್ಟೆಂಬರಿಗೆ ಮುಗಿಯಬೇಕು. "ಗ್ರೂಪ್ ಪರೀಕ್ಷೆಗೆ ಕೂಡು, ನಮ್ಮ ಹಾಗೆ ನೆಮ್ಮದಿಯಾಗಿರು" ಎಂದು ನಾವು ಹೇಳಿ ಹೇಳಿ ದಣಿದಿದ್ದೆವು.

ಆಗ ಅವನ ಕೈಗೆ ಬಂದಿದ್ದುದು ನಾಲ್ಕೇ ನಾಲ್ಕು ಸೆಕೆಂಡಿನ ದೃಶ್ಯ. ಹಳ್ಳಿಯ ಅಂಗಳ, ಅಮಾವಾಸ್ಯೆಯ ರಾತ್ರಿ, ಬಾಗಿಲಲ್ಲಿ ಕಂದೀಲು ಹಿಡಿದು ಯಾರಿಗೋ ಕಾದು ನಿಂತ ಹೆಂಗಸು. ಸೆಕೆಂಡಿಗೆ 24 ಚಿತ್ರಗಳಂತೆ 96 ಚಿತ್ರ. ಒಂದೊಂದನ್ನು ಲೆಕ್ಕ ಹಾಕಿ ಬಿಡಿಸಲು ಯಂತ್ರಕ್ಕೆ ಮೂರು ಗಂಟೆ ಬೇಕಂತೆ. ನಾವು ಕಛೇರಿಯ ಅಭ್ಯಾಸದಿಂದ ಗುಣಿಸಿ ನೋಡಿದೆವು: ಒಂದೇ ಯಂತ್ರವಾದರೆ ಹನ್ನೆರಡು ಹಗಲು, ಹನ್ನೆರಡು ರಾತ್ರಿ! ಕತ್ತಲೆಯ ದೃಶ್ಯವಾದರೆ ಕೆಲಸ ಇನ್ನೂ ಕಠಿಣ. ಯಂತ್ರವು ಕಿರಣಗಳನ್ನು ಒಂದೊಂದಾಗಿ ಹಿಂಬಾಲಿಸಿ ದೀಪ ಎಲ್ಲಿದೆಯೆಂದು ಹುಡುಕುತ್ತದೆ. ದೀಪ ಒಂದೇ, ಅದೂ ಸಣ್ಣದಾದರೆ ಬಹಳಷ್ಟು ಕಿರಣಗಳು ಬರಿಗೈಯಲ್ಲಿ ಮರಳುತ್ತವೆ. ಚಿತ್ರದ ತುಂಬ ರವೆ ಚೆಲ್ಲಿದಂತೆ ಚುಕ್ಕೆಗಳೇಳುತ್ತವೆ.

ಮೇಲಧಿಕಾರಿ ಆ ದೃಶ್ಯವನ್ನು ಮೂರು ಸಲ ಹಿಂದಿರುಗಿಸಿದ್ದ. "ಇದು ರಾತ್ರಿಯಲ್ಲ, ಮೋಡ ಕವಿದ ಮಧ್ಯಾಹ್ನ" ಎಂದನಂತೆ. ಹಗಲನ್ನು ಮಂಕು ಮಾಡಿದರೆ ರಾತ್ರಿಯಾಗುವುದಿಲ್ಲ ಎಂಬುದು ನಮಗೂ ಅಂದೇ ತಿಳಿದದ್ದು. ಸಿನಿಮಾದವರು ರಾತ್ರಿಗೆ ನೀಲಿ ಬಳಿಯುತ್ತಾರಲ್ಲ, ಬೆಳದಿಂಗಳು ನಿಜವಾಗಿ ನೀಲಿಯಲ್ಲ. ಬಿಸಿಲೇ ಚಂದ್ರನಿಗೆ ತಾಗಿ, ಸುಮಾರು ನಾಲ್ಕು ಲಕ್ಷ ಪಾಲು ಕ್ಷೀಣವಾಗಿ ನಮ್ಮಲ್ಲಿಗೆ ಬರುತ್ತದೆ. ಮಂದ ಬೆಳಕಿನಲ್ಲಿ ಬಣ್ಣ ಗುರುತಿಸುವ ನಮ್ಮ ಕಣ್ಣಿನ ಶಕ್ತಿ ಕುಂದಿ, ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಕೊಂಚ ಎದ್ದು ಕಾಣುತ್ತದೆ. ಜೆಕ್ ದೇಶದ ಪುರ್ಕಿಂಜೆ ಎಂಬಾತ ಇದನ್ನು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲೇ ಗಮನಿಸಿದ್ದನಂತೆ. ಇಷ್ಟು ತಿಳಿದ ಹುಡುಗ ಗುಮಾಸ್ತೆಯಾಗಬೇಕೆ ಎಂದು ಆ ಕ್ಷಣ ಅನಿಸಿತು. ಆದರೆ ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಆ ಪ್ರಸಿದ್ಧ ಬೆಳಕಿನ ಕೋಲನ್ನು ತೆಗೆದದ್ದು ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. ಅವರಿಗೆ ಸೂರ್ಯನಾದರೂ ಇದ್ದ. ತಮ್ಮನ ಯಂತ್ರದೊಳಗೆ ಮೊದಲಿಗೆ ಏನೂ ಇಲ್ಲ, ಶುದ್ಧ ಕಗ್ಗತ್ತಲು. ಅಲ್ಲಿ ಕತ್ತಲೆ ಕಾಣಬೇಕಾದರೂ ಬೆಳಕು ಇಡಬೇಕು.

2025ರ ಜುಲೈಯಲ್ಲಿ ಬೆಂಗಳೂರಿನ ಹೊಂಬಾಳೆಯವರು ಅರ್ಪಿಸಿದ 'ಮಹಾವತಾರ್ ನರಸಿಂಹ' ಬಂದಾಗ ಮನೆಮಂದಿಯೆಲ್ಲ ನೋಡಿಬಂದೆವು. ಅದೂ ಗಣಕದ ಚಿತ್ರವೇ. ತಾಯಿಯವರು ಕೈಮುಗಿದು ಕುಳಿತಿದ್ದರು. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿಗೆ ಬೆಳಕು ಹೊಂದಿಸಿದವರ ಪಾಡನ್ನು ನೆನೆದು ತಮ್ಮ ನಿಟ್ಟುಸಿರುಬಿಟ್ಟ.

ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ. ತಂದೆಯವರಿಗೆ ಎಡೆಯಿಡಲು ಸೇಡಂ ಬಳಿಯ ನಮ್ಮ ಹಳ್ಳಿಗೆ ಹೊರಟೆವು. ನಿಜವಾದ ಕತ್ತಲೆ ನೋಡುತ್ತೇನೆಂದು ತಮ್ಮನೂ ರಜೆ ಹಾಕಿ ಬಂದ. ನೋಡಿದರೆ ಅಲ್ಲೂ ಕತ್ತಲೆಗೆ ಬರ! ಸಿಮೆಂಟು ಕಾರಖಾನೆಯ ದೀಪಗಳಿಂದ ಆಕಾಶದ ಅಂಚು ಕಿತ್ತಳೆಯ ಬಣ್ಣವಾಗಿತ್ತು. ಬೀದಿಗೆ ಬೆನ್ನು ಮಾಡಿದ ಹಿತ್ತಲಂಗಳವೊಂದೇ ಗತಿಯಾಯಿತು. ಮನೆಯ ದೀಪಗಳನ್ನೆಲ್ಲ ಆರಿಸಿ ತಾಯಿಯವರ ಕೈಗೆ ಅಟ್ಟದ ಹಳೆಯ ಕಂದೀಲು ಕೊಟ್ಟು, ಹೊಸ್ತಿಲಲ್ಲಿ ನಿಲ್ಲಿಸಿದೆವು.

ತಮ್ಮ ತನ್ನ ದೃಶ್ಯದಲ್ಲಿದ್ದಂತೆ ಕಂದೀಲನ್ನು ಮುಖದ ಬಳಿಗೆ ಎತ್ತಲು ಹೇಳಿದ. ತಾಯಿ ನಕ್ಕುಬಿಟ್ಟರು.

"ಮಾರಿಗಿ ಹಿಡ್ಕೊಂತಾರೇನೋ ಹುಚ್ಚಾ? ಬರೋರ ದಾರಿಗಿ ಹಿಡೀತಾರ."

ಹಾಗೆಂದು ಕಂದೀಲನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಮುಂದಕ್ಕೆ ಚಾಚಿದರು. ಇನ್ನೊಂದು ಅಂಗೈಯನ್ನು ಉರಿಗೂ ತಮ್ಮ ಕಣ್ಣಿಗೂ ನಡುವೆ ಅಡ್ಡ ಹಿಡಿದರು. ಉರಿ ಕಣ್ಣಿಗೆ ಹೊಡೆದರೆ ಆಚೆಯ ಕತ್ತಲಲ್ಲಿ ಬರುವವರು ಕಾಣುವುದಿಲ್ಲ. ಪಾದಗಳು ಬೆಳಗಿದವು. ನೆಲದ ಶಹಾಬಾದ್ ಕಲ್ಲು ಬೆಳಕನ್ನು ಸೀರೆಯ ಅಂಚಿಗೆ ಹಿಂದಿರುಗಿಸಿತು. ಬೆರಳ ಸಂದುಗಳು ಕೆಂಪಗೆ ಹೊಳೆದವು. ಮುಖ ಮಾತ್ರ ಕತ್ತಲಲ್ಲೇ ಇತ್ತು. ಹಿಂದಿನ ಗೋಡೆಯ ಮೇಲೆ ನೆರಳು ಮಾಳಿಗೆ ಮುಟ್ಟಿತ್ತು. ನಾವು ಚಿಕ್ಕವರಿದ್ದಾಗ ತಂದೆಯವರು ರಾತ್ರಿಯ ಪ್ಯಾಸೆಂಜರಿನಿಂದಿಳಿದು ಹೊಲದ ಹಾದಿಯಾಗಿ ನಡೆದು ಬರುತ್ತಿದ್ದರು. ಆಗ ಅವರು ನಿಲ್ಲುತ್ತಿದ್ದುದು ಹೀಗೆಯೇ. ನಾವು ಒಳಗೆ ನಿದ್ದೆ ಮಾಡುತ್ತಿದ್ದವರು, ಎಂದೂ ನೋಡಿರಲಿಲ್ಲ.

ತಾಯಿ ಕೈ ಇಳಿಸಲಿಲ್ಲ. ಹಾದಿಯನ್ನೇ ನೋಡುತ್ತಿದ್ದರು. ತಮ್ಮನೂ ಚಿತ್ರ ತೆಗೆಯುವುದನ್ನು ಮರೆತು ಸುಮ್ಮನೆ ನಿಂತುಬಿಟ್ಟ.

ಹೈದರಾಬಾದಿಗೆ ಮರಳಿ ದೃಶ್ಯವನ್ನು ಮೊದಲಿನಿಂದ ಮಾಡಿದ. ಹೆಂಗಸಿನ ಮುಖ ಕಾಣುವುದಿಲ್ಲವೆಂದು ಮೇಲಧಿಕಾರಿ ಕೊಂಚ ಗೊಣಗಿದನಂತೆ. ಕೂದಲಿನ ಅಂಚಿಗೆ ದಾರದಷ್ಟು ಬೆಳಕು ಕೊಟ್ಟ ಮೇಲೆ ಒಪ್ಪಿದ. ಕರಾರು ಮೂರು ತಿಂಗಳು ಮುಂದೆ ಹೋಯಿತು. ಪರೀಕ್ಷೆಯ ಮಾತನ್ನು ನಾವೂ ಅಷ್ಟು ದಿನ ಮುಂದೆ ಹಾಕಿದೆವು.

ಸ್ಟುಡಿಯೋದವರ ಅನುಮತಿ ಪಡೆದು ಆ ನಾಲ್ಕು ಸೆಕೆಂಡುಗಳನ್ನು ತಾಯಿಗೆ ತೋರಿಸಿದ. ಅವರು ಎರಡು ಸಲ ನೋಡಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೊಮ್ಮೆ ನೋಡಿದರು.

"ಬತ್ತಿ ಭಾಳ ಏರಿಸಿದಿ," ಎಂದರು. "ಎಣ್ಣಿ ಸುಮ್ಮನ ಹಾಳಾಗ್ತದ. ಇಳಸು."